ಬೋಟಿ, ಕೈಮ, ಬ್ರಾಟ್‌ವುರ್ಸ್ಟ್

ನಮ್ಮ ಕಡೆ ಬಾಡು ಬೇಯಿಸೋದು ಅಂದ್ರೆ ಒಲೆ ಮುಂದೆ ನಿಂತು ಮಾಡೋ ಕೆಲಸ. ತಳ ಹಿಡೀತಾ ಅಂತ ನೋಡ್ತಿರ್ಬೇಕು, ಸೌಟು ಆಡಿಸ್ತಿರ್ಬೇಕು, ಅಂಗೈಗೆ ಎರಡು ಹನಿ ಸಾರು ಬಿಟ್ಕೊಂಡು ನೆಕ್ಕಿ ಉಪ್ಪು ನೋಡ್ಬೇಕು, ಕೊನೆಗೆ ಒಂದು ಪೀಸು ತೆಗೆದು ಅಲ್ಲೇ ಸುತ್ತಾಡ್ತಿರೋ ಮಗು ಕೈಗೆ ಕೊಟ್ಟು ಬೆಂದೈತಾ ನೋಡು ಅನ್ಬೇಕು. ಇಷ್ಟೂ ಮಾಡಿದ್ರೇನೇ ಅಡುಗೆ ಮಾಡ್ದಂಗೆ ಅನ್ಸೋದು. ಬ್ರಾಟ್‌ವುರ್ಸ್ಟ್ ಅನ್ನೋ ಜರ್ಮನ್ ಸಾಸೇಜ್‌ಗೆ ಇದ್ಯಾವುದೂ ಬೇಡ. ಬೇಡ ಅನ್ನೋದಷ್ಟೇ ಅಲ್ಲ, ಮಾಡಿದ್ರೆ ಕೆಟ್ಟೋಗುತ್ತೆ. ಚುಚ್ಚಿದ್ರೆ ರಸ ಹೋಯ್ತು, ಉರಿ ಜಾಸ್ತಿ ಮಾಡಿದ್ರೆ ಸಿಪ್ಪೆ ಸೀಳ್ತು, ಘಳಿಗೆಗೊಂದ್ಸಲ ತಿರುವಿದ್ರೆ ಬಣ್ಣ ಕೂರಲ್ಲ. ಅದಕ್ಕೇ ನಾನು ಹೇಳೋದು, ಮನೇಲಿ ಇದಕ್ಕೆ ಸರಿಯಾದ ಜಾಗ ತವಾ ಅಲ್ಲ, ಓವನ್ನು. ಬಾಗ್ಲು ಹಾಕಿದ್ ಮೇಲೆ ನಮ್ಮ ಕೈ ಒಳಗೆ ಹೋಗಲ್ಲ, ಅದೇ ಅದರ ದೊಡ್ಡ ಗುಣ.

ಮೈಸೂರಲ್ಲಿ ಸಾಸೇಜ್ ಅಂದ್ರೆ ಎಲ್ರಿಗೂ ನೆನಪಾಗೋದು ಸೂಪರ್ ಮಾರ್ಕೆಟ್ ಫ್ರೀಜರ್‌ನಲ್ಲಿರೋ ಬೆರಳುದ್ದದ, ತಿಳಿ ಗುಲಾಬಿ ಬಣ್ಣದ ಚಿಕನ್ ಸಾಸೇಜು. ಅದು ಮಾಂಸನ ನುಣ್ಣಗೆ ಅರೆದು ಫ್ಯಾಕ್ಟರೀಲೇ ಬೇಯಿಸಿ ಕಳಿಸಿರೋದು, ನಾವು ಮನೇಲಿ ಬರೀ ಬಿಸಿ ಮಾಡ್ತೀವಿ ಅಷ್ಟೇ. ಬ್ರಾಟ್‌ವುರ್ಸ್ಟ್ ದಾರಿ ಬೇರೆ. ಹೆಚ್ಚಾಗಿ ಹಂದಿ ಮಾಂಸ, ಕೆಲವು ಕಡೆ ಜೊತೆಗೆ ಕರುವಿನ ಮಾಂಸ, ಕೊಬ್ಬಿನ ಸಮೇತ ಕೊಚ್ಚಿ, ಉಪ್ಪು, ಮೆಣಸು, ಜಾಯಿಕಾಯಿ, ಒಂದೆರಡು ಸೊಪ್ಪು ಹಾಕಿ ಕಲಸಿ ಕರುಳಿಗೆ ತುಂಬೋದು. ಎಷ್ಟೋ ಕಡೆ ಹಸಿಯಾಗೇ ಮಾರ್ತಾರೆ, ಇನ್ನು ಕೆಲವರು ಬಿಸಿನೀರಲ್ಲಿ ಬೇಯಿಸಿ ಪ್ಯಾಕ್ ಮಾಡ್ತಾರೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಇದು ಬರೆದಿರುತ್ತೆ, ಓದಿ, ಯಾಕಂದ್ರೆ ಬೆಂದಿರೋದಕ್ಕೂ ಹಸಿಗೂ ಓವನ್ ಟೈಮು ಒಂದೇ ಅಲ್ಲ. ನನಗೆ ಸಿಗೋದು ತಮ್ಮ ಬೆಂಗಳೂರಿಂದ ಬರುವಾಗ ಐಸ್ ಪ್ಯಾಕ್ ಮಧ್ಯೆ ಇಟ್ಕೊಂಡು ತರೋ ಹಸಿ ಮಾಲು. 2023ರಲ್ಲಿ ಎಕ್ಸ್‌ಪ್ರೆಸ್ ವೇ ಆದ್ಮೇಲೆ ಐಸ್ ಕರಗೋದ್ರೊಳಗೆ ಕುವೆಂಪುನಗರ ಸೇರುತ್ತೆ. ರಸ್ತೆ ಬಗ್ಗೆ ಟೋಲ್ ಬಗ್ಗೆ ಎಷ್ಟೇ ಬೈದ್ರೂ ಈ ಒಂದು ಉಪಕಾರ ನಾನು ಮರೆಯಲ್ಲ.

ನಮ್ಮನೇಲಿ ಇದನ್ನ ಮೊದಲು ಅರ್ಥ ಮಾಡ್ಕೊಂಡಿದ್ದು ಅವ್ವ. ಹೆಂಡತಿ ಮಕ್ಕಳು ಯಾವ್ದೋ ಫಾರಿನ್ ಐಟಂ ಅಂತ ಸುತ್ತ ನಿಂತಿದ್ರೆ, ಅವ್ವ ಕನ್ನಡಕ ಏರಿಸ್ಕೊಂಡು ಪ್ಯಾಕೆಟ್ಟನ್ನ ಬೆಳಕಿಗೆ ಹಿಡಿದು ಒಂದ್ಸಲ ನೋಡಿ, "ಬೋಟಿ ಒಳಗೆ ಕೈಮ ತುರುಕಿ ಮಡಗವ್ರೆ ಕಣ್ಲಾ" ಅಂದ್ರು. ಮುಗೀತು. ಇದಕ್ಕಿಂತ ಸರಿಯಾಗಿ ಯಾವ ಅಡುಗೆ ಪುಸ್ತಕನೂ ಹೇಳಲ್ಲ. ಮಂಡ್ಯ ಕಡೆ ಹಳ್ಳೀಲಿ ಹಬ್ಬಕ್ಕೆ ನಾಲ್ಕೈದು ಮನೆಯವರು ಸೇರಿ ಮರಿ ಕುಯ್ದು ಗುಡ್ಡೆ ಬಾಡು ಹಾಕ್ಕೊಳ್ಳೋದನ್ನ ನೋಡಿರೋರಿಗೆ ಕರುಳು ಅಂದ್ರೆ ಅಸಹ್ಯ ಏನಿಲ್ಲ. ಮಾಂಸ, ಮೂಳೆ, ಈಲಿ ಎಲ್ಲಾ ಸಮವಾಗಿ ಗುಡ್ಡೆಗೆ ಬೀಳ್ಬೇಕು, ತಲೆ ಕಾಲು ಯಾರಿಗೆ ಅಂತ ಮೊದಲೇ ಮಾತಾಗಿರುತ್ತೆ, ಬೋಟಿ ಕ್ಲೀನ್ ಮಾಡೋಕೆ ತಾಳ್ಮೆ ಇರೋರು ಅದನ್ನ ಇಸ್ಕೊಂಡು ಹೋಗ್ತಾರೆ. ಅವ್ವ ಹಿತ್ತಲಲ್ಲಿ ಕೂತು ಕರುಳನ್ನ ಕಡ್ಡಿಗೆ ಸಿಗಿಸಿ ಒಳಗಿನದು ಹೊರಗೆ ಮಾಡಿ, ಅರಿಶಿನ ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಮತ್ತೆ ತೊಳೆದು, ಆಮೇಲೇ ಅದು ಗೊಜ್ಜಿನ ಪಾತ್ರೆಗೆ ಹೋಗ್ತಿದ್ದದ್ದು. ಸಾಸೇಜಿನ ಕರುಳಿಗೆ ಇದೇ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೆ. ಒಳಗಿನ ಲೋಳೆ ಪದರ ಎಲ್ಲಾ ಕೆರೆದು ತೆಗೆದು, ತೆಳ್ಳಗಿನ ಗಟ್ಟಿ ಪೊರೆ ಒಂದನ್ನೇ ಉಳಿಸ್ಕೊಂಡು, ಉಪ್ಪಲ್ಲಿ ಹಾಕಿ ಇಡ್ತಾರೆ.

ಅವ್ವಂಗೆ ಅರ್ಥ ಆಯ್ತು ಅಂದ್ರೆ ಒಪ್ಪಿಗೆ ಆಯ್ತು ಅಂತಲ್ಲ. ಕುರಿ ಕೋಳಿ ಮೀನು ಏನಾದ್ರೂ ಮಾಡು, ಹಂದಿ ಬಾಡು ಮಾತ್ರ ಅಡುಗೆ ಮನೆ ಹೊಸಿಲು ದಾಟಂಗಿಲ್ಲ. ಇದು ಅವರ ಕಾನೂನು. ಅದರ ಮೇಲೆ ನಾನು ವಾದ ಮಾಡಲ್ಲ, ಆ ವಯಸ್ಸಲ್ಲಿ ಮನುಷ್ಯರಿಗೆ ಒಂದೆರಡು ಕಾನೂನು ಇರ್ಬೇಕು. ಅದಕ್ಕೆ ಓಟಿಜಿ, ಅಂದ್ರೆ ನಮ್ಮ ಕರೆಂಟ್ ಓವನ್ನು, ಯುಟಿಲಿಟೀಲಿ ವಾಷಿಂಗ್ ಮೆಷಿನ್ ಪಕ್ಕ ಸ್ಟ್ಯಾಂಡ್ ಮೇಲೆ ಕೂತಿದೆ, ಹಂದಿಗೆ ಅಂತ ಬೇರೆ ಟ್ರೇ, ಬೇರೆ ಜಾಲರಿ, ಬೇರೆ ಇಕ್ಕಳ. ಚಿಕನ್ ಬ್ರಾಟ್‌ವುರ್ಸ್ಟ್ ಆದ್ರೆ ಮಾತ್ರ ಒಳಗಿನ ಟ್ರೇ ಹೊರಗೆ ಬರುತ್ತೆ, ಅವತ್ತು ಅವ್ವನೂ ಪಂಕ್ತೀಲಿ ಇರ್ತಾರೆ. ಒಂದು ಲೆಕ್ಕದಲ್ಲಿ ಯುಟಿಲಿಟೀನೇ ಸರಿ, ಅಲ್ಲಿ ಮೆಷಿನ್‌ಗೆ ಅಂತ ಹಾಕಿಸಿರೋ 16 ಆಂಪ್ ಪವರ್ ಪಾಯಿಂಟ್ ಇದೆ. ನಮ್ಮ ಓಟಿಜಿ 1500 ವ್ಯಾಟ್‌ದು, 230 ವೋಲ್ಟ್‌ಗೆ ಆರೂವರೆ ಆಂಪ್ ಎಳೆಯುತ್ತೆ, ಅದನ್ನ ಮಿಕ್ಸಿ ಹಾಕೋ 6 ಆಂಪ್ ಸಾಕೆಟ್‌ಗೆ ಕನ್ವರ್ಟರ್ ಪಿನ್ ಇಟ್ಟು ಹಾಕೋರು ಇದಾರೆ, ದಯವಿಟ್ಟು ಹಾಕ್ಬೇಡಿ, ಪ್ಲಗ್ಗು ಕರಗಿ ವಾಸನೆ ಬರೋತನಕ ಕಾಯೋ ವಿಷಯ ಅಲ್ಲ ಅದು.

ಈಗ ಜರ್ಮನ್ನರ ಮಾತು. ಅವರಲ್ಲಿ ಯಾರಾದ್ರೂ ಇದನ್ನ ಓದಿದ್ರೆ ಓವನ್ನಾ ಅಂತ ಮೂಗು ಮುರೀಬಹುದು, ಯಾಕಂದ್ರೆ ಅವರ ಕಡೆ ಇದು ಕೆಂಡದ ಮೇಲೆ ಸುಡೋ ಐಟಂ, ಇಲ್ಲಾಂದ್ರೆ ಬಾಣಲೆ. ತುರಿಂಗಿಯಾ ಸೀಮೆಯ ಆರ್ನ್‌ಸ್ಟಾಟ್ ಊರಲ್ಲಿ ಒಂದು ಕ್ರೈಸ್ತ ಸನ್ಯಾಸಿನಿಯರ ಮಠ ಇತ್ತು, ಅಲ್ಲಿನ 1404ರ ಖರ್ಚಿನ ಲೆಕ್ಕದಲ್ಲಿ ಬ್ರಾಟ್‌ವುರ್ಸ್ಟ್‌ಗೆ ಬೇಕಾದ ಕರುಳಿಗೆ ಕೊಟ್ಟ ದುಡ್ಡು ಬರೆದಿದೆ. ನನಗೆ ಇದು ಭಾರಿ ಇಷ್ಟ ಆಗೋದು ಯಾಕಂದ್ರೆ ಆರುನೂರು ವರ್ಷದ ಹಿಂದಿನ ದಾಖಲೆ ರಾಜಂದಲ್ಲ, ಯುದ್ಧದ್ದಲ್ಲ, ಬೋಟಿಗೆ ಇಷ್ಟು ಕೊಟ್ವಿ ಅನ್ನೋ ಕಿರಾಣಿ ಲೆಕ್ಕ. ತುರಿಂಗಿಯಾದವರದ್ದು ಉದ್ದ, ಕಡಿಮೆ ಅಂದ್ರೂ 15 ಸೆಂಟಿಮೀಟರ್. ನ್ಯೂರೆಂಬರ್ಗ್‌ನವರದ್ದು ಪುಟಾಣಿ, 7ರಿಂದ 9 ಸೆಂಟಿಮೀಟರ್, ಒಂದೊಂದು 20-25 ಗ್ರಾಂ ಅಷ್ಟೇ, ಆರು ಎಂಟು ಹತ್ತು ಅಂತ ತಟ್ಟೇಲಿ ಜೋಡಿಸಿ ಕೊಡ್ತಾರೆ, ಬನ್ನಲ್ಲಾದ್ರೆ ಮೂರು. ಈ ಎರಡಕ್ಕೂ 2003ರಿಂದ ಯುರೋಪಿನಲ್ಲಿ ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರೋ ಥರದ್ದೇ ಊರಿನ ಹೆಸರಿನ ರಕ್ಷಣೆ ಇದೆ, ಆ ಊರು ಬಿಟ್ಟು ಬೇರೆ ಕಡೆ ಮಾಡಿ ಆ ಹೆಸರಿಡಂಗಿಲ್ಲ. ಅಮೆರಿಕಕ್ಕೆ ಹೋದ ಜರ್ಮನ್ನರು ವಿಸ್ಕಾನ್ಸಿನ್ ಕಡೆ ಇದನ್ನ ಬಿಯರ್ ಈರುಳ್ಳಿ ಜೊತೆ ಕುದಿಸಿ ಆಮೇಲೆ ಗ್ರಿಲ್ ಮಾಡೋ ಪದ್ಧತಿ ಹಾಕ್ಕೊಂಡ್ರು. ಅಲ್ಲಿಗೆ ಯಾವುದೂ ವೇದವಾಕ್ಯ ಅಲ್ಲ ಅಂತಾಯ್ತು, ಮೂರನೇ ಮಹಡಿ ಫ್ಲಾಟಲ್ಲಿ ಕೆಂಡ ಮಾಡಿದ್ರೆ ಮೇಲಿನ ಮನೆಯವರು ಅಸೋಸಿಯೇಷನ್ ಗ್ರೂಪಲ್ಲಿ ಫೋಟೋ ಹಾಕ್ತಾರೆ, ಹಾಗಾಗಿ ನನಗೆ ಓವನ್ನು.

ಮಾಡೋ ಕ್ರಮ ಅಂತ ದೊಡ್ಡದೇನಿಲ್ಲ. ಫ್ರೀಜರ್‌ನಿಂದ ಹಿಂದಿನ ರಾತ್ರೀನೇ ಫ್ರಿಡ್ಜಿನ ಕೆಳಗಿನ ತಟ್ಟಿಗೆ ಇಳಿಸಿ, ಪೂರ್ತಿ ಐಸ್ ಬಿಡ್ಬೇಕು, ನಡು ಗಟ್ಟಿ ಇದ್ರೆ ಹೊರಗೆ ಕಂದು ಬಣ್ಣ ಬಂದಿರುತ್ತೆ ಒಳಗೆ ಹಸಿ ಇರುತ್ತೆ. ಓವನ್‌ಗೆ ಇಡೋ ಮುಂಚೆ ಟಿಶ್ಯೂನಲ್ಲೋ ಒಣ ಬಟ್ಟೇಲೋ ಮೈ ಒರೆಸಿ. ಇದನ್ನ ಯಾರೂ ಮಾಡಲ್ಲ, ಆದ್ರೆ ಬಣ್ಣ ಬರೋದು ಇದರಿಂದಲೇ. ಮೇಲೆ ನೀರಿನ ಪಸೆ ಇರೋವರೆಗೂ ಸಿಪ್ಪೆ ನೂರು ಡಿಗ್ರಿ ದಾಟಲ್ಲ, ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಹುರಿದ ಘಮ ಬರೋಕೆ 140 ಡಿಗ್ರಿ ಹತ್ತಿರ ಆದ್ರೂ ಬೇಕು. ಒರೆಸಿದ ಮೇಲೆ ಬೆರಳಿಗೆ ಎಣ್ಣೆ ಮುಟ್ಟಿಸ್ಕೊಂಡು ಸುಮ್ನೆ ಸವರಿ. ಜಾಲರಿ ಮೇಲೆ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಕೆಳಗೆ ಟ್ರೇ, ಟ್ರೇನಲ್ಲಿ ದಪ್ಪ ದಪ್ಪ ಹೆಚ್ಚಿದ ಈರುಳ್ಳಿ, ಅರ್ಧ ಲೋಟ ನೀರು. ನೀರು ಯಾಕೆ ಅಂದ್ರೆ ಮೇಲಿಂದ ತೊಟ್ಟಿಕ್ಕೋ ಕೊಬ್ಬು ಕಾದ ಟ್ರೇಗೆ ಬಿದ್ದು ಹೊಗೆಯಾಗಬಾರದು ಅಂತ.

ಓಟಿಜಿಗೆ ಮೇಲೆ ಕೆಳಗೆ ಎರಡೂ ರಾಡ್ ಆನ್, 200 ಡಿಗ್ರಿ, ಹತ್ತು ನಿಮಿಷ ಕಾಯಿಸಿ ಆಮೇಲೆ ಒಳಗಿಡೋದು, ಮಧ್ಯದ ಅಂತಸ್ತಿಗೆ. ಹಸಿ ಸಾಸೇಜು ಹೆಬ್ಬೆರಳು ದಪ್ಪ ಇದ್ರೆ 25 ನಿಮಿಷದ ಆಸುಪಾಸು, ಅರ್ಧ ದಾರೀಲಿ ಒಂದೇ ಒಂದ್ಸಲ ಇಕ್ಕಳದಲ್ಲಿ ಹೊರಳಿಸೋದು. ಫ್ಯಾನ್ ಇರೋ ಓವನ್ ಆದ್ರೆ ಇನ್ನೊಂಚೂರು ಬೇಗ. ಬೆಂದು ಬಂದಿರೋ ಮಾಲು ಆದ್ರೆ ಹದಿನೈದು ನಿಮಿಷಕ್ಕೇ ಕಣ್ಣಿಡಿ. ನಮ್ಮ ಓಟಿಜಿಗಳ ಟೆಂಪರೇಚರ್ ನಾಬ್‌ನ ದೇವರಾಣೆಗೂ ನಂಬಬೇಡಿ, 200 ಅಂತ ತೋರಿಸಿ ಒಳಗೆ 180 ಇರಬಹುದು, 230 ಇರಬಹುದು. ಒಳಗೆ ನೇತು ಹಾಕೋ ಸಣ್ಣ ಓವನ್ ಥರ್ಮಾಮೀಟರ್ ಸಿಗುತ್ತೆ, ಕೇಕ್ ಮಾಡೋರ ಮನೇಲಿ ಇದ್ದೇ ಇರುತ್ತೆ, ಒಂದು ದಿನ ಇಸ್ಕೊಂಡು ಬಂದು ನಿಮ್ಮ ಓವನ್ ಎಷ್ಟು ಸುಳ್ಳು ಹೇಳುತ್ತೆ ನೋಡ್ಕೊಳ್ಳಿ.

ಸಾಸೇಜ್ ಯಾಕೆ ಬಾಯಿ ಬಿಡುತ್ತೆ ಅನ್ನೋದು ಗೊತ್ತಾದ್ರೆ ಈ ತಾಳ್ಮೆ ಎಲ್ಲಾ ಯಾಕೆ ಅಂತ ತಾನಾಗೇ ಅರ್ಥ ಆಗುತ್ತೆ. ಕರುಳಿನ ಪೊರೆ ಪೂರ್ತಿ ಕೊಲಾಜೆನ್, ಬಿಸಿ ತಾಗಿದ ಕೂಡಲೇ ಅದು ಕುಗ್ಗೋಕೆ ಶುರು ಮಾಡುತ್ತೆ. ಒಳಗಡೆ ಮಾಂಸದಲ್ಲಿರೋ ನೀರು ಆವಿಯಾಗಿ ಹಿಗ್ಗೋಕೆ ನೋಡುತ್ತೆ. ಹೊರಗಿನದು ಬಿಗೀತಾ ಬರುತ್ತೆ, ಒಳಗಿನದು ಉಬ್ಬುತಾ ಬರುತ್ತೆ, ಕಾದ ತವಾ ಮೇಲೆ ಇವೆರಡೂ ಒಂದೇ ಸಲ ಒಂದೇ ಮಗ್ಗುಲಲ್ಲಿ ಆಗೋದ್ರಿಂದ ಅಲ್ಲಿ ಟಪ್ ಅಂತ ಸೀಳುತ್ತೆ, ಕೊಬ್ಬು ಎಲ್ಲಾ ಸ್ಟವ್ ಟೈಲ್ಸ್ ಮೇಲೆ. ಸೀಳಬಾರದು ಅಂತ ಜನ ಮೊದಲೇ ಫೋರ್ಕಲ್ಲಿ ಚುಚ್ಚಿಬಿಡ್ತಾರೆ, ಕಳ್ಳ ಬರ್ತಾನೆ ಅಂತ ಬಾಗಿಲು ತೆಗೆದಿಟ್ಟಂಗೆ ಅದು. ಓವನ್‌ನಲ್ಲಿ ಬಿಸಿ ಸುತ್ತ ಮುತ್ತ ಎಲ್ಲಾ ಕಡೆಯಿಂದ ಬರುತ್ತೆ, ನಿಧಾನಕ್ಕೆ ಬರುತ್ತೆ, ಕೊಬ್ಬು ಕರಗಿ ಮಾಂಸದ ಸಂದೀಲಿ ಕೂರೋಕೆ ಟೈಮ್ ಸಿಗುತ್ತೆ. ಮೈಕ್ರೋವೇವ್‌ನೂ ಓವನ್ ಅಂತ ಕರೆಯೋ ಅಭ್ಯಾಸ ನಮಗಿರೋದ್ರಿಂದ ಹೇಳ್ತಿದೀನಿ, ಅದರಲ್ಲಿ ಇಡಬೇಡಿ. ಬಣ್ಣ ಬರಲ್ಲ, ರಬ್ಬರ್ ಆಗುತ್ತೆ, ಸಿಡಿದ್ರೆ ಕ್ಲೀನ್ ಮಾಡೋಕೆ ಅರ್ಧ ಭಾನುವಾರ ಹೋಗುತ್ತೆ.

ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡೋದಕ್ಕೆ ಯಾರ ಅಡ್ಡಿನೂ ಇಲ್ಲ, ನಾನು ಕೂರ್ತೀನಿ. ಮೊದಲ ಎಂಟ್ಹತ್ತು ನಿಮಿಷ ಏನೂ ಆಗಲ್ಲ, ಬಿಳಚಿಕೊಂಡು ಮಲಗಿರುತ್ತೆ. ಆಮೇಲೆ ಸಿಪ್ಪೆ ಬಿಗಿಯಾಗಿ ಹೊಳಪು ಬರುತ್ತೆ, ಗಂಟು ತಿರುಚಿರೋ ತುದಿಗಳು ಮೊದಲು ಕಂದಾಗ್ತವೆ, ಮೈ ಮೇಲೆ ಅಲ್ಲಲ್ಲಿ ಸಾಸಿವೆ ಕಾಳಷ್ಟು ಗುಳ್ಳೆ ಎದ್ದು ಅದರೊಳಗೆ ಕೊಬ್ಬು ಕುದೀತಿರೋದು ಕಾಣುತ್ತೆ. ಒಂದು ಹನಿ ಜಾರಿ ಈರುಳ್ಳಿ ಮೇಲೆ ಬೀಳುತ್ತೆ, ಚುಂಯ್ ಅನ್ನುತ್ತೆ. ಆ ಹೊತ್ತಿಗೆ ಕೈ ತುರಿಸೋಕೆ ಶುರುವಾಗುತ್ತೆ, ಬಾಗ್ಲು ತೆಗೆದು ಒಂಚೂರು ಅಲ್ಲಾಡಿಸೋಣ, ಒತ್ತಿ ನೋಡೋಣ ಅಂತ. ಪ್ರತೀ ಸಲ ಬಾಗಿಲು ತೆಗೆದಾಗ ಒಳಗಿನ ಬಿಸಿ ಅಷ್ಟೂ ಆಚೆ ಬರುತ್ತೆ. ಹೆಂಡತಿ ಇದಕ್ಕೆ ಒಂದು ಉಪಾಯ ಕಂಡುಹಿಡಿದಿದಾಳೆ, ಓವನ್ ಟೈಮರ್ ತಿರುಗಿಸಿದ ಕೂಡಲೇ ನನ್ನ ಕೈಗೆ ಬಿಡಿಸೋಕೆ ಅವರೆಕಾಯಿ ಕೊಡ್ತಾಳೆ, ಅವರೆ ಕಾಲ ಅಲ್ದಿದ್ರೆ ಬೆಳ್ಳುಳ್ಳಿ.

ಬೆಂದಿದೆಯಾ ಅಂತ ನೋಡೋಕೆ ಬಣ್ಣ ನಂಬಂಗಿಲ್ಲ, ಇಲ್ಲಿ ಮಾತ್ರ ಚುಚ್ಚಲೇಬೇಕು. ಪಿನ್ ಥರ್ಮಾಮೀಟರನ್ನ ತುದಿಯಿಂದ ಉದ್ದಕ್ಕೆ ತೂರಿಸಿ ನಡುವಿನ ತನಕ ಕಳಿಸಿ, ಮಗ್ಗುಲಿಂದ ಚುಚ್ಚಬೇಡಿ. ಕೊಚ್ಚಿದ ಹಂದಿ ಮಾಂಸ ಒಳಗೆ 71 ಡಿಗ್ರಿ ಮುಟ್ಟಿರ್ಬೇಕು, ಕೋಳಿ ಆದ್ರೆ 74. ಇಡೀ ತುಂಡು ಮಾಂಸ ಆದ್ರೆ ಕ್ರಿಮಿ ಹೊರಮೈಯಲ್ಲಿರುತ್ತೆ, ಕೊಚ್ಚಿದಾಗ ಹೊರಗಿನದೆಲ್ಲಾ ಒಳಗೆ ಸೇರಿಹೋಗಿರುತ್ತೆ, ಅದಕ್ಕೇ ನಡುಮಧ್ಯದ ಬಿಸಿ ಮುಖ್ಯ. ಹಾಗಂತ 85ರ ತನಕ ಬಿಟ್ರೆ ರಸ ಎಲ್ಲಾ ಟ್ರೇಗೆ ಇಳಿದು ಮರಳು ಮರಳಾಗುತ್ತೆ. ತೆಗೆದ ಮೇಲೆ ಐದು ನಿಮಿಷ ಸುಮ್ನೆ ಬಿಡಿ, ಮಕ್ಕಳು ಕಿರುಚಿದ್ರೂ ಬಿಡಿ.

ಈಗ ಸೊಪ್ಪಿನ ವಿಷಯ. ನ್ಯೂರೆಂಬರ್ಗ್ ಸಾಸೇಜಿಗೆ ಅದರ ಘಮ ಕೊಡೋದು ಮಾರ್ಜೋರಂ ಅನ್ನೋ ಸೊಪ್ಪು, ಅಂದ್ರೆ ನಮ್ಮ ಮರುಗ. ದೇವರಾಜ ಮಾರ್ಕೆಟ್ಟಲ್ಲಿ ಹೂವಿನ ಸಾಲಿಗೆ ಹೋಗಿ, ಮಲ್ಲಿಗೆ ಕನಕಾಂಬರದ ಪಕ್ಕ ಒದ್ದೆ ಗೋಣಿ ಮೇಲೆ ಸಣ್ಣ ಸಣ್ಣ ಬೂದು ಹಸಿರು ಎಲೆಯ ಕಟ್ಟು ಇಟ್ಟಿರ್ತಾರಲ್ಲ, ಅದೇ. ದವನದ ಜೊತೆ ಕಟ್ಟಿ ದೇವರಿಗೆ ಏರಿಸ್ತೀವಿ, ಹೆಣ್ಮಕ್ಕಳು ಮಲ್ಲಿಗೆ ನಡುವೆ ಸೇರಿಸಿ ಮುಡೀತಾರೆ, ಬಾಯಿಗೆ ಹಾಕ್ಕೊಳ್ಳೋ ವಸ್ತು ಅಂತ ನಮ್ಮಲ್ಲಿ ಯಾರೂ ಅಂದ್ಕೊಂಡೇ ಇಲ್ಲ. ಎಲೆನ ಬೆರಳ ಮಧ್ಯೆ ಹೊಸಕಿ ಮೂಸಿ ನೋಡಿ, ಅದೇ ಘಮ ಸಾಸೇಜ್ ಕೊಯ್ದಾಗ ಮೆಣಸು ಕೊಬ್ಬಿನ ಜೊತೆ ಬರುತ್ತೆ. ನನ್ನ ಮಗಳು ಮೊದಲ ತುತ್ತಿಗೇ "ಅಪ್ಪಾ ಇದು ದೇವರ ಮನೆ ವಾಸನೆ ಬರ್ತಿದೆ" ಅಂದಳು, ಅವ್ವಂಗೆ ಕೇಳಿಸದೇ ಇದ್ದಿದ್ದು ಒಳ್ಳೇದಾಯ್ತು. ಹೂವಿಗೆ ಅಂತ ಬೆಳೆದಿದ್ದಕ್ಕೆ ಔಷಧಿ ಹೊಡೆದಿರ್ತಾರೆ, ಆ ಕಟ್ಟನ್ನ ಸೀದಾ ಅಡುಗೆಗೆ ಹಾಕಬೇಡಿ. ನರ್ಸರೀಲಿ ಗಿಡ ಸಿಗುತ್ತೆ, ಕಡ್ಡಿ ನೆಟ್ರೂ ಚಿಗುರುತ್ತೆ, ನಮ್ಮ ಬಾಲ್ಕನಿ ಕುಂಡದಲ್ಲಿ ಅರ್ಧ ಅವ್ವನ ಪೂಜೆಗೆ ಅರ್ಧ ನನ್ನ ಓವನ್‌ಗೆ. ಒಣಗಿಸಿದ್ರೂ ಘಮ ಹೋಗಲ್ಲ. ಚಿಕನ್ ಸಾಸೇಜ್ ಸಪ್ಪೆ ಇದ್ರೆ ಟ್ರೇ ಈರುಳ್ಳಿಗೆ ಒಂದು ಚಿಟಿಕೆ ಉದುರಿಸಿ ನೋಡಿ.

ಜೊತೆಗೇನು ಅನ್ನೋದಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಅಲ್ಲಿಯವರು ಹುಳಿ ಬರಿಸಿದ ಎಲೆಕೋಸು, ಸಾಸಿವೆ ಪೇಸ್ಟು, ಗಟ್ಟಿ ಬ್ರೆಡ್ಡು ಇಡ್ತಾರೆ. ಎಲೆಕೋಸಿನ ಆ ಹುಳಿ ಇಲ್ಲಿ ಸುಲಭ, ಸಣ್ಣಗೆ ಹೆಚ್ಚಿ ನೂರು ಗ್ರಾಂಗೆ ಎರಡು ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ ಹಿಸುಕಿ, ಅದರ ನೀರಲ್ಲೇ ಮುಳುಗಿಸಿ ಜಾಡೀಲಿ ಇಟ್ರೆ ಮೈಸೂರಿನ ಬಿಸಿಲಿಗೆ ವಾರ ಹತ್ತು ದಿನದಲ್ಲಿ ಹುಳಿ ಬರುತ್ತೆ. ಬನ್ನು ಮಾತ್ರ ಸಿಹಿ ಬನ್ ಬೇಡ, ಬೇಕರೀಲಿ ಖಾರ ಬನ್ ಇಸ್ಕೊಳ್ಳಿ, ಅದರೊಳಗಿನ ಹಸಿಮೆಣಸಿನಕಾಯಿ ಕೊತ್ತಂಬರಿಗೂ ಹಂದಿ ಕೊಬ್ಬಿಗೂ ಒಳ್ಳೇ ಹೊಂದಾಣಿಕೆ ಇದೆ. ಮುದ್ದೆ ಜೊತೆ ಹೋಗಲ್ಲ. ಮುದ್ದೆಗೆ ನೆಂಚ್ಕೊಳ್ಳೋಕೆ ಸಾರು ಬೇಕು, ಇದು ಒಣ ಪದಾರ್ಥ, ಸುಮ್ನೆ ಮಂಡ್ಯದವನು ಅಂತ ಎಲ್ಲಕ್ಕೂ ಮುದ್ದೆ ತಗಲಾಕೋದು ಸರಿಯಲ್ಲ. ಖಾರದ ಪುಡಿ ಗರಂ ಮಸಾಲೆ ಸವರಿ ಓವನ್‌ಗೆ ಇಡೋರಿಗೂ ನನ್ನದೊಂದು ತಕರಾರಿದೆ, ಪುಡಿ ಸಿಪ್ಪೆ ಮೇಲೆ ಸೀದು ಕಹಿಯಾಗುತ್ತೆ, ಒಳಗೆ ಒಂದು ಚೂರೂ ಇಳಿಯಲ್ಲ. ಖಾರ ಬೇಕೇ ಬೇಕು ಅಂದ್ರೆ ಬರ್ಲಿನ್‌ನವರ ಥರ ಮಾಡಿ, 1949ರಿಂದ ಅವರು ಸಾಸೇಜ್ ಬೆಂದ ಮೇಲೆ ತುಂಡು ಮಾಡಿ ಟೊಮೆಟೋ ಸಾಸ್ ಸುರಿದು ಕರಿ ಪೌಡರ್ ಉದುರಿಸಿ ತಿಂತಿದಾರೆ.

ಟ್ರೇನಲ್ಲಿ ಉಳಿಯೋ ಈರುಳ್ಳಿ ಬಗ್ಗೆ ನಮ್ಮನೇಲಿ ಪ್ರತೀ ಸಲ ಜಗಳ. ನೀರು ಇಂಗಿ, ಕೊಬ್ಬು ಹೀರ್ಕೊಂಡು, ಅಂಚು ಕಪ್ಪಗಾಗಿ ನಡು ಹಲ್ವಾ ಆಗಿರೋ ಆ ಈರುಳ್ಳಿ ಸಾಸೇಜ್‌ಗಿಂತ ಮೊದಲು ಖಾಲಿ ಆಗುತ್ತೆ. ಚಿಕನ್ ಮಾಡಿದ ದಿನ ಅವ್ವನೇ ಟ್ರೇ ಎಳ್ಕೊಂಡು ಕೂತ್ಕೋತಾರೆ, ಬಿಸಿ ಅನ್ನ ಹಾಕ್ಕೊಂಡು ಅದರಲ್ಲೇ ಕಲಸ್ಕೊಂಡು ತಿಂತಾರೆ.

ಹಂಗೆ ತಿಂತಾ ತಿಂತಾ ಅವರೇ ಹುಟ್ಟುಹಾಕಿದ ಐಡಿಯಾ ಈಗ ನಡೀತಿರೋದು. ನ್ಯೂರೆಂಬರ್ಗ್‌ನ ಪುಟಾಣಿ ಸಾಸೇಜಿಗೆ ಮಾಂಸ ಹಂದೀದಾದ್ರೂ ತುಂಬೋದು ಕುರಿ ಕರುಳಿಗೆ, ಅದೇ ತೆಳ್ಳಗಿರೋದು ಅಂತ ನಾನು ಹೇಳಿದ್ದೇ ತಡ, "ಹಂಗಾರೆ ಒಳಿಕ್ಕೂ ಕುರಿನೇ ತುಂಬು, ಬಂಡೂರು ಮರಿ ಬಾಡು ಇಲ್ವಾ ನಮ್ಮೂರಲ್ಲಿ" ಅಂದ್ರು. ಮಾತಲ್ಲಿ ತಪ್ಪೇನಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಗಿಡ್ಡ ಕಾಲಿನ ದುಂಡು ಪ್ರಾಣಿ, ಅದರ ಕೊಬ್ಬು ಮಾಂಸದ ಎಳೆ ನಡುವೆ ಹರಡ್ಕೊಂಡಿರೋದಕ್ಕೇ ಅದಕ್ಕಷ್ಟು ಹೆಸರು, ಸಾಸೇಜಿಗೆ ಬೇಕಾಗಿರೋದೂ ಕೊಬ್ಬೇ. ಒಂದು ಕೆಜಿಯಲ್ಲಿ ಕಾಲು ಭಾಗಕ್ಕಿಂತ ಮೇಲೆ ಕೊಬ್ಬಿಲ್ಲ ಅಂದ್ರೆ ಒಣಕಲಾಗುತ್ತೆ, ಉಪ್ಪು 18 ಗ್ರಾಂ, ಮೆಣಸು, ಜಾಯಿಕಾಯಿ, ಕುಂಡದ ಮರುಗ. ಕೊಚ್ಚಿ ಕಲಸೋವಾಗ ಮಾಂಸ ಫ್ರಿಡ್ಜಿನಷ್ಟೇ ತಣ್ಣಗಿರ್ಬೇಕು, ಇಲ್ಲಾಂದ್ರೆ ಕೊಬ್ಬು ಕೈಯಲ್ಲೇ ಕರಗಿ ಬೇರೆಯಾಗುತ್ತೆ. ಕುರಿ ಕೊಬ್ಬು ಆರಿದ ಮೇಲೆ ಬಾಯಿಗೆ ಮೇಣ ಮೇಣವಾಗಿ ಅಂಟುತ್ತೆ, ಅದಕ್ಕೆ ಇದನ್ನ ಬಿಸಿ ಬಿಸೀನೇ ತಿನ್ಬೇಕಾಗುತ್ತೆ. ಊರಿನ ಮಟನ್ ಅಂಗಡಿಯವರ ಹತ್ರ ಬೋಟಿನ ಕತ್ತರಿಸ್ದೆ ಉದ್ದಕ್ಕೇ ಕೊಡ್ತೀರಾ ಅಣ್ಣ ಅಂತ ಕೇಳ್ದೆ. "ಕೊಡ್ತೀನಿ, ಕ್ಲೀನ್ ಮಾಡೋದು ನಿಮ್ ಪಾಡು. ಏನ್ ಮಾಡ್ತೀರಾ ಅದ್ರಲ್ಲಿ?" ಅಂದ್ರು. ಹೇಳ್ದೆ. ಒಂದು ನಿಮಿಷ ಮಚ್ಚು ನಿಲ್ಸಿ ಯೋಚ್ನೆ ಮಾಡಿ, ಸಣ್ಣ ಕರುಳು ಮಾತ್ರ ತಗೊಳ್ಳಿ, ಎಳೇ ಮರೀದು ತೂತಾಗುತ್ತೆ, ಸ್ವಲ್ಪ ಬಲ್ತಿರೋದನ್ನ ತೆಗೆದಿಡ್ತೀನಿ ಅಂದ್ರು. ಕೆರೆಯೋ ಕೆಲಸ ಅವ್ವ ಒಪ್ಕೊಂಡಿದಾರೆ, ಊರಿನ ಹಿತ್ತಲಲ್ಲೇ ಆಗ್ಬೇಕು, ಮೈಸೂರು ಫ್ಲಾಟಿನ ಸಿಂಕಲ್ಲಿ ಆಗಲ್ಲ ಅನ್ನೋ ಷರತ್ತಿನ ಮೇಲೆ. ಓಟಿಜಿನ ಕಾರ್ ಡಿಕ್ಕೀಲಿ ಹಾಕ್ಕೊಂಡು ಹೋಗ್ಬೇಕು. ಊರ ಮನೇಲಿ 16 ಆಂಪ್ ಪಾಯಿಂಟ್ ಇರೋದು ಬೋರ್‌ವೆಲ್ ಸ್ಟಾರ್ಟರ್ ಪಕ್ಕ ಒಂದೇ ಕಡೆ, ಕೊಟ್ಟಿಗೆ ಗೋಡೇಲಿ, ಎಕ್ಸ್‌ಟೆನ್ಷನ್ ಬಾಕ್ಸು ಹೆವಿ ಡ್ಯೂಟೀದೇ ತಗೊಂಡು ಬಾ ಅಂತ ತಮ್ಮಂಗೆ ಹೇಳಿದೀನಿ.